ಹಳೆಯ ರೌಟರಿನ ಎರಡನೆಯ ಉಪಯೋಗ

2001ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರಕ್ಕೆ ತಂತಿಯನ್ನು ಜೋಡಿಸುವ ಈಥರ್ನೆಟ್ ಪೋರ್ಟು ಇತ್ತೇ ಹೊರತು ನಿಸ್ತಂತು ಸಂಪರ್ಕದ ಸೌಕರ್ಯವಿರಲಿಲ್ಲ. ರೌಟರು ಒಂದು ಕೋಣೆಯಲ್ಲಿಯೂ ಟೆಲಿವಿಷನ್ ಇನ್ನೊಂದರಲ್ಲಿಯೂ ಇದ್ದವರು ಗೋಡೆ ಕೊರೆದು ತಂತಿ ಎಳೆಯಬೇಕಾಗಿತ್ತು. ಇಲ್ಲವೆ ಬೇರೊಂದು ಉಪಕರಣವನ್ನು ಕೊಳ್ಳಬೇಕಾಗಿತ್ತು. ಮೂಲೆಗೆ ಬಿದ್ದ ಹಳೆಯ ರೌಟರೇ ಈ ಕಾರ್ಯಕ್ಕೆ ಒದಗಿದ ಬಗೆಯನ್ನು ನಾವಿಲ್ಲಿ ವಿವರಿಸಬಯಸುತ್ತೇವೆ.

2002ರ ಡಿಸೆಂಬರಿನಲ್ಲಿ ಲಿಂಕ್‌ಸಿಸ್ ಸಂಸ್ಥೆಯು ಡಬ್ಲ್ಯುಆರ್‌ಟಿ54ಜಿ ಎಂಬ ರೌಟರನ್ನು ಹೊರತಂದಿತು. ಅದರ ತಂತ್ರಾಂಶವು ಲಿನಕ್ಸನ್ನು ಆಧರಿಸಿದುದೆಂಬುದು ಮರುವರ್ಷ ಬಯಲಾಯಿತು. ಲಿನಕ್ಸಿನ ಪರವಾನಗಿಯ ಪ್ರಕಾರ, ಅದನ್ನು ಅಳವಡಿಸಿ ಯಂತ್ರ ಮಾರುವವರು ಸೋರ್ಸ್ ಕೋಡನ್ನೂ ಒದಗಿಸತಕ್ಕದ್ದು. ಒತ್ತಾಯಕ್ಕೆ ಮಣಿದ ಸಂಸ್ಥೆಯು 2003ರಲ್ಲಿಯೇ ಅದನ್ನು ಪ್ರಕಟಿಸಿತು. ಓಪನ್‌ಡಬ್ಲ್ಯುಆರ್‌ಟಿ, ಡಿಡಿ-ಡಬ್ಲ್ಯುಆರ್‌ಟಿ ಎಂಬ ಸ್ವತಂತ್ರ ತಂತ್ರಾಂಶಗಳ ಮೂಲ ಇಲ್ಲಿದೆ. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಯಂತ್ರಕ್ಕಿಂತಲೂ ಆ ಪರವಾನಗಿಯ ಷರತ್ತೇ ಹೆಚ್ಚು ಗಮನಾರ್ಹವಾಗಿ ತೋರುತ್ತದೆ.

ರೌಟರು ಸಾಮಾನ್ಯವಾಗಿ ಇತರ ಸಾಧನಗಳಿಗೆ ಸಂಪರ್ಕವನ್ನು ನೀಡುವಂಥದು. ಹೊಸ ತಂತ್ರಾಂಶವಾದರೋ ಅದನ್ನು ಮತ್ತೊಂದು ರೌಟರಿನಿಂದ ಸಂಪರ್ಕ ಪಡೆಯುವ ಸಾಧನವನ್ನಾಗಿ ಮಾರ್ಪಡಿಸಬಲ್ಲದು; ಇದಕ್ಕೆ ‘ಕ್ಲೈಂಟ್ ಬ್ರಿಡ್ಜ್’ ಎಂದು ಹೆಸರು. ಎರಡನೆಯ ರೌಟರಿಗೆ ಮೊದಲನೆಯದರ ಜಾಲದ ಹೆಸರನ್ನೂ ಪಾಸ್‌ವರ್ಡನ್ನೂ ಕೊಟ್ಟು, ಅದೇ ಶ್ರೇಣಿಯ ಬೇರೊಂದು ವಿಳಾಸವನ್ನು ನಿಗದಿಮಾಡಿ, ವಿಳಾಸ ಹಂಚುವ ಡಿಎಚ್‌ಸಿಪಿ ವ್ಯವಸ್ಥೆಯನ್ನು ನಿಲ್ಲಿಸಬೇಕು. ಈ ಕಡೆಯ ಅಂಶವನ್ನು ಮರೆತರೆ ಎರಡೂ ರೌಟರುಗಳು ವಿಳಾಸ ಹಂಚತೊಡಗಿ ಗೊಂದಲವುಂಟಾಗುತ್ತದೆ. ಬಳಿಕ ಆಟದ ಯಂತ್ರವನ್ನಾಗಲಿ ಟೆಲಿವಿಷನ್ನನ್ನಾಗಲಿ ಎರಡನೆಯ ರೌಟರಿಗೆ ತಂತಿಯಿಂದ ಜೋಡಿಸಿದರೆ ಸಾಕು.

ಆದರೆ ಒಂದೇ ಹೆಸರಿನ ಎಲ್ಲ ರೌಟರುಗಳೂ ಸಮಾನವಲ್ಲ. 2005ರಲ್ಲಿ ಬಂದ ಐದನೆಯ ಆವೃತ್ತಿಯಲ್ಲಿ ಸಂಸ್ಥೆಯು ಲಿನಕ್ಸನ್ನು ಕೈಬಿಟ್ಟು ಮೆಮೊರಿಯನ್ನೂ ಕಡಿತಗೊಳಿಸಿತು. ಲಿನಕ್ಸ್ ಬಯಸುವವರಿಗಾಗಿ ಡಬ್ಲ್ಯುಆರ್‌ಟಿ54ಜಿಎಲ್ ಎಂಬುದನ್ನು ಪ್ರತ್ಯೇಕವಾಗಿ ಮಾರಿತು.