ಹೊಳೆ ಕಲಿಸುವ ಇಂಗ್ಲಿಷ್ ಶಬ್ದಗಳು



ನಮ್ಮಲ್ಲಿ ತುಂಬ ಜನರಿಗೆ ಇಂಗ್ಲಿಷ್ ಅಂದ್ರೆ ಹೆದರಿಕೆ. ಉಳಿದ ಎಲ್ಲ ವಿಷಯದಲ್ಲಿ ಪಾಸಾಗಿ, ಇಂಗ್ಲಿಷ್ ಒಂದರಲ್ಲಿ ನಪಾಸಾಗಿ, ಓದು ಅಲ್ಲಿಗೇ ಬಿಟ್ಟು ದೋಣಿ ಹತ್ತಿದ ಅಣ್ಣಂದಿರು, ಬಳಚು ತೆಗೆಯಲು ಹೋದ ಅಕ್ಕಂದಿರು ನಮ್ಮೂರಿನಲ್ಲಿ ಇದ್ದಾರೆ. ಅವರಿಗೆ ಬುದ್ಧಿ ಕಡಿಮೆ ಇತ್ತೇ? ಖಂಡಿತ ಇಲ್ಲ. ಇವತ್ತು ಯಾವ ತಿಥಿ ಅಂತ ಹೇಳಿದರೆ ಸಾಕು, ಅಘನಾಶಿನಿ ಹೊಳೆಯಲ್ಲಿ ಭರತ ಎಷ್ಟೊತ್ತಿಗೆ, ಇಳಿತ ಎಷ್ಟೊತ್ತಿಗೆ ಅಂತ ಅವರು ಹೇಳಿಬಿಡ್ತಾರೆ. ಅದು ವಿಜ್ಞಾನವೇ. ನಮಗೆ ಗೊತ್ತಿರುವ ಆ ವಿಜ್ಞಾನಕ್ಕೆ ಇಂಗ್ಲಿಷ್ ಹೆಸರು ಜೋಡಿಸಿಕೊಂಡರೆ ಶಬ್ದಗಳು ಬಾಯಿಪಾಠ ಮಾಡದೆಯೂ ನೆನಪಿನಲ್ಲಿ ನಿಲ್ಲುತ್ತವೆ. ನಾನು ಡಿಕ್ಷನರಿ ಮತ್ತು ವಿಜ್ಞಾನ ಪುಸ್ತಕ ಎರಡನ್ನೂ ಪಕ್ಕದಲ್ಲಿ ಇಟ್ಟುಕೊಂಡು ಓದಿದೆ. ತಿಳಿದದ್ದನ್ನು ನಿಮಗೂ ತಿಳಿಸುತ್ತೇನೆ.

1. ಗ್ರ್ಯಾವಿಟಿ

ಗ್ರ್ಯಾವಿಟಿ ಎಂದರೆ ಗುರುತ್ವಾಕರ್ಷಣೆ. ಪ್ರತಿಯೊಂದು ವಸ್ತುವೂ ಇನ್ನೊಂದು ವಸ್ತುವನ್ನು ತನ್ನ ಕಡೆಗೆ ಎಳೆಯುತ್ತದೆ ಎಂದು ನ್ಯೂಟನ್ 1687ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ತೋರಿಸಿದನು. ಹತ್ತಿರ ಇದ್ದರೆ ಎಳೆತ ಜಾಸ್ತಿ, ದೂರ ಹೋದಷ್ಟೂ ಕಡಿಮೆ.

ಈ ಶಬ್ದ ಲ್ಯಾಟಿನ್ ಭಾಷೆಯ ಗ್ರಾವಿಸ್ ಎಂಬುದರಿಂದ ಬಂದಿದೆ. ಗ್ರಾವಿಸ್ ಅಂದರೆ ಭಾರವಾದದ್ದು. ನಮ್ಮ ಗುರುತ್ವದಲ್ಲಿರುವ ಗುರು ಎಂಬ ಸಂಸ್ಕೃತ ಶಬ್ದದ ಅರ್ಥವೂ ಭಾರವಾದದ್ದು ಅಂತಲೇ. ಗ್ರಾವಿಸ್ ಮತ್ತು ಗುರು ಒಂದೇ ಬೇರಿನಿಂದ ಹುಟ್ಟಿದ ಶಬ್ದಗಳು! ಕನ್ನಡ ತರಗತಿಯಲ್ಲಿ ಛಂದಸ್ಸಿಗೆ ಲಘು, ಗುರು ಅಂತ ಗುರುತು ಹಾಕುತ್ತೇವಲ್ಲ, ಅದೇ ಗುರು. ಲಘು ಕೂಡ ಇಂಗ್ಲಿಷ್‌ಗೆ ನೆಂಟನೇ. ಹಗುರ ಎಂಬ ಅರ್ಥದ ಲೈಟ್ ಮತ್ತು ಲಘು ಒಂದೇ ಬೇರಿನವು. ದೀಪದ ಬೆಳಕಿನ ಲೈಟ್ ಮಾತ್ರ ಬೇರೆ.

ಇದೇ ಮನೆತನದ ಇನ್ನೊಂದು ಶಬ್ದ ಗ್ರೇವ್. ಗಂಭೀರ ಎಂದು ಅರ್ಥ. ಸಮಾಧಿ ಎಂಬ ಅರ್ಥದ ಗ್ರೇವ್ ಕೂಡ ಇದೆ, ಅದು ಅಗೆಯುವುದು ಎಂಬ ಬೇರೆ ಬೇರಿನಿಂದ ಬಂದದ್ದು.

2. ಮಾಸ್ ಮತ್ತು ವೇಟ್

ಮಾಸ್ ಅಂದರೆ ವಸ್ತುವಿನಲ್ಲಿ ಇರುವ ದ್ರವ್ಯದ ಪ್ರಮಾಣ. ವೇಟ್ ಅಂದರೆ ಅದನ್ನು ಗ್ರ್ಯಾವಿಟಿ ಎಳೆಯುವ ಬಲ. ಇಲ್ಲಿ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿದಾಗ 60 ಕಿಲೋ ತೋರಿಸುವ ಅಕ್ಕಿ ಚೀಲ ಚಂದ್ರನ ಮೇಲೆ ಸುಮಾರು 10 ಕಿಲೋ ತೋರಿಸುತ್ತದೆ. ಆದರೆ ಅಕ್ಕಿ ಒಂದು ಕಾಳೂ ಕಡಿಮೆ ಆಗಿರುವುದಿಲ್ಲ.

3. ಮೂನ್ ಮತ್ತು ಮಂತ್

ಕನ್ನಡದಲ್ಲಿ ತಿಂಗಳು ಅಂದರೆ ಚಂದ್ರನೂ ಹೌದು, ಮೂವತ್ತು ದಿನವೂ ಹೌದು. ಇಂಗ್ಲಿಷಿನ ಮೂನ್ ಮತ್ತು ಮಂತ್ ಕೂಡ ಹಾಗೇ ಒಂದೇ ಮೂಲದವು. ಎರಡೂ ಕಡೆಯ ಹಿರಿಯರು ಚಂದ್ರನನ್ನು ನೋಡಿಯೇ ಕಾಲ ಎಣಿಸಿದರು.

4. ಟೈಡ್

ಭರತ ಇಳಿತಕ್ಕೆ ಟೈಡ್ ಎನ್ನುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ಹೊತ್ತು, ಸಮಯ ಎಂದು ಅರ್ಥವಿತ್ತು. ಹೊತ್ತಿಗೆ ಸರಿಯಾಗಿ ಬರುವ ನೀರಿಗೆ ಆ ಹೆಸರೇ ನಿಂತಿತು. ಅಚ್ಚುಕಟ್ಟು ಎಂಬ ಅರ್ಥದ ಟೈಡಿ ಕೂಡ ಇದರಿಂದಲೇ ಬಂತು. ಸಮಯ ಮತ್ತು ಟೈಡ್ ಯಾರಿಗೂ ಕಾಯುವುದಿಲ್ಲ ಎಂಬ ಗಾದೆ ಇಂಗ್ಲಿಷಿನಲ್ಲಿದೆ. ಬಳಚು ತೆಗೆಯುವ ನಮ್ಮ ತಾಯಂದಿರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನೀರು ಏರಲು ಶುರುವಾದ ಕೂಡಲೇ ಬುಟ್ಟಿ ಎತ್ತಿಕೊಂಡು ದಡಕ್ಕೆ ಬರುತ್ತಾರೆ. ತಡ ಮಾಡಿದರೆ ಜೀವಕ್ಕೇ ಅಪಾಯ.

ನೀರು ಪೂರ್ತಿ ಏರಿದಾಗ ಹೈ ಟೈಡ್, ಪೂರ್ತಿ ಇಳಿದಾಗ ಲೋ ಟೈಡ್. ಏರುತ್ತಾ ಇರುವಾಗ ಫ್ಲಡ್, ಇಳಿಯುತ್ತಾ ಇರುವಾಗ ಎಬ್. ಇಲ್ಲಿ ಫ್ಲಡ್ ಅಂದರೆ ಮಳೆಗಾಲದ ನೆರೆ ಅಲ್ಲ, ನೆನಪಿರಲಿ.

ದಿನಕ್ಕೆ ಎರಡು ಭರತ ಏಕೆ?

ಚಂದ್ರ ಒಬ್ಬನೇ ಇರುವಾಗ ಭರತ ಎರಡು ಏಕೆ ಅಂತ ನನಗೂ ಅನುಮಾನ ಇತ್ತು. ಉತ್ತರ ಹೀಗಿದೆ. ಚಂದ್ರನಿಗೆ ಎದುರಾಗಿರುವ ನೀರು ಅವನಿಗೆ ಹತ್ತಿರ. ಹಾಗಾಗಿ ಅದಕ್ಕೆ ಎಳೆತ ಹೆಚ್ಚು, ಅದು ಉಬ್ಬುತ್ತದೆ. ಭೂಮಿಯ ಆಚೆ ಬದಿಯ ನೀರು ದೂರ. ಅದಕ್ಕೆ ಎಳೆತ ನಡುವಿನ ಭೂಮಿಗಿಂತಲೂ ಕಡಿಮೆ. ಆದ್ದರಿಂದ ಆ ನೀರು ಹಿಂದೆ ಉಳಿದಂತಾಗಿ ಅಲ್ಲಿಯೂ ಉಬ್ಬುತ್ತದೆ. ಭೂಮಿ ಒಂದು ಸುತ್ತು ತಿರುಗುವಾಗ ನಮ್ಮ ಊರು ಎರಡೂ ಉಬ್ಬನ್ನು ದಾಟುತ್ತದೆ. ಅಷ್ಟರಲ್ಲಿ ಚಂದ್ರನೂ ಸ್ವಲ್ಪ ಮುಂದೆ ಹೋಗಿರುತ್ತಾನೆ. ಅದಕ್ಕೇ ಇವತ್ತು ಬೆಳಿಗ್ಗೆ 6 ಗಂಟೆಗೆ ಬಂದ ಭರತ ನಾಳೆ ಸುಮಾರು 6 ಗಂಟೆ 50 ನಿಮಿಷಕ್ಕೆ ಬರುತ್ತದೆ.

ಹಾಗಾದರೆ ಬಾವಿಯಲ್ಲಿ, ಕೆರೆಯಲ್ಲಿ ಭರತ ಯಾಕೆ ಕಾಣುವುದಿಲ್ಲ? ಕೆರೆ ತುಂಬ ಚಿಕ್ಕದು. ಅದರ ಈ ದಡಕ್ಕೂ ಆ ದಡಕ್ಕೂ ಎಳೆತದಲ್ಲಿ ವ್ಯತ್ಯಾಸವೇ ಇಲ್ಲ ಎನ್ನಬಹುದು. ಟೈಡ್ ಹುಟ್ಟುವುದು ಬರೀ ಎಳೆತದಿಂದ ಅಲ್ಲ, ಎಳೆತದ ವ್ಯತ್ಯಾಸದಿಂದ. ಸೂರ್ಯ ಭೂಮಿಯನ್ನು ಚಂದ್ರನಿಗಿಂತ ಸುಮಾರು 180 ಪಟ್ಟು ಜೋರಾಗಿ ಎಳೆಯುತ್ತಾನೆ. ಆದರೆ ಬಹಳ ದೂರ ಇರುವುದರಿಂದ ಅವನ ಎಳೆತದ ವ್ಯತ್ಯಾಸ ಕಡಿಮೆ. ಅವನು ಎಬ್ಬಿಸುವ ಭರತ ಚಂದ್ರನದರ ಅರ್ಧಕ್ಕಿಂತಲೂ ಸ್ವಲ್ಪ ಕಮ್ಮಿ.

5. ಸ್ಪ್ರಿಂಗ್ ಟೈಡ್ ಮತ್ತು ನೀಪ್ ಟೈಡ್

ಹುಣ್ಣಿಮೆ, ಅಮಾವಾಸ್ಯೆಗೆ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುತ್ತವೆ. ಇಬ್ಬರ ಎಳೆತವೂ ಸೇರಿ ದೊಡ್ಡ ಭರತ ಆಗುತ್ತದೆ. ಇದು ಸ್ಪ್ರಿಂಗ್ ಟೈಡ್. ವಸಂತ ಋತುವಿಗೂ ಇದಕ್ಕೂ ಸಂಬಂಧ ಇಲ್ಲ. ಇಲ್ಲಿ ಸ್ಪ್ರಿಂಗ್ ಅಂದರೆ ಚಿಮ್ಮುವುದು. ಅಷ್ಟಮಿಯ ಹೊತ್ತಿಗೆ ಇಬ್ಬರೂ ಅಡ್ಡಡ್ಡ ಎಳೆಯುತ್ತಾರೆ. ಆಗ ಬರುವ ಸಣ್ಣ ಭರತವೇ ನೀಪ್ ಟೈಡ್.

ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವ ನಮ್ಮ ಅಜ್ಜಂದಿರು ಅಮಾವಾಸ್ಯೆ ಬಂತು ಅಂದರೆ ಕಟ್ಟೆ ಗಟ್ಟಿ ಇದೆಯಾ, ಹಲಗೆ ಸರಿ ಇದೆಯಾ ಅಂತ ನೋಡಿ ಬರುವುದು ಇದಕ್ಕೇ. ಉಪ್ಪುನೀರು ಸ್ವಲ್ಪಮಟ್ಟಿಗೆ ತಡೆಯುವ ಭತ್ತ ಅದು. ಆದರೂ ಕಟ್ಟೆ ಒಡೆದರೆ ವರ್ಷದ ಅನ್ನ ಹೋದ ಹಾಗೆಯೇ. ಅಜ್ಜನಿಗೆ ಸ್ಪ್ರಿಂಗ್ ಟೈಡ್ ಎಂಬ ಶಬ್ದ ಗೊತ್ತಿಲ್ಲ, ಆದರೆ ಸ್ಪ್ರಿಂಗ್ ಟೈಡ್ ಏನು ಅಂತ ಚೆನ್ನಾಗಿ ಗೊತ್ತು. ನಾವು ಶಬ್ದ ಕಲಿಯೋಣ, ಅರ್ಥ ಅಜ್ಜನನ್ನು ಕೇಳೋಣ. ಎರಡೂ ಸೇರಿದರೆ ಪರೀಕ್ಷೆಯಲ್ಲಿ ಇಂಗ್ಲಿಷ್ ಪತ್ರಿಕೆಗೆ ಯಾರೂ ಹೆದರಬೇಕಾಗಿಲ್ಲ.

ನೀವೇ ಮಾಡಿ ನೋಡಿ: ಒಂದು ಹುಣ್ಣಿಮೆಯಿಂದ ಮುಂದಿನ ಅಮಾವಾಸ್ಯೆಯವರೆಗೆ ದಿನಾ ಭರತದ ಹೊತ್ತನ್ನು ನೋಟ್ ಪುಸ್ತಕದಲ್ಲಿ ಬರೆಯಿರಿ. ಪಕ್ಕದಲ್ಲಿ ಹೈ, ಲೋ, ಸ್ಪ್ರಿಂಗ್, ನೀಪ್ ಅಂತ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ. ಹದಿನೈದು ದಿನದಲ್ಲಿ ಸ್ಪೆಲ್ಲಿಂಗ್ ಕೈಗೆ ಬರುತ್ತದೆ.

ಯೋಚಿಸಿ ಉತ್ತರಿಸಿ: ಚಂದ್ರ ಇಲ್ಲದೇ ಹೋದರೆ ಸಮುದ್ರದಲ್ಲಿ ಭರತವೇ ಇರುವುದಿಲ್ಲವೇ? ಸುಳಿವು ಈ ಲೇಖನದಲ್ಲೇ ಇದೆ. ಉತ್ತರವನ್ನು ಚೀಟಿಯಲ್ಲಿ ಬರೆದು ಈ ಪತ್ರಿಕೆಯ ಕೆಳಗೆ ಅಂಟಿಸಿರಿ.

– ಹತ್ತನೇ ತರಗತಿಯ ವಿದ್ಯಾರ್ಥಿನಿ