ಎಂಜಿನಿಲ್ಲದ ವಿಮಾನವೂ ನಂಬಲಾಗದ ಹವೆಯೂ

ಬೇಸಗೆಯ ನಡುಹಗಲಿನಲ್ಲಿ ನಮ್ಮ ಶಾಲೆಯ ಬಯಲಿನ ಮೇಲೆ ಹದ್ದುಗಳು ಸುತ್ತುವುದನ್ನು ವಿದ್ಯಾರ್ಥಿಗಳೆಲ್ಲರೂ ಕಂಡಿದ್ದೀರಿ. ರೆಕ್ಕೆ ಬಡಿಯದೆಯೇ ಅವು ಮೇಲೇರುತ್ತವೆ. ಇದೆಂತು ಸಾಧ್ಯ? ಉತ್ತು ಬಿಟ್ಟ ಎರೆಹೊಲವು ಪಕ್ಕದ ಹಸುರು ಕಬ್ಬಿನ ತೋಟಕ್ಕಿಂತ ಬೇಗನೆ ಕಾಯುತ್ತದೆ. ಅದಕ್ಕೆ ತಗುಲಿದ ಗಾಳಿಯು ಬಿಸಿಯಾಗಿ, ಹಗುರಾಗಿ, ಮೇಲಕ್ಕೇಳುತ್ತದೆ. ಆ ಏರುಗಾಳಿಯೊಳಗೇ ಹದ್ದು ಸುತ್ತುತ್ತಿರುತ್ತದೆ. ಗ್ಲೈಡರ್ ಎಂಬ ಎಂಜಿನಿಲ್ಲದ ವಿಮಾನವನ್ನು ಹಾರಿಸುವವರ ವಿದ್ಯೆಯೂ ಇದೇ.

ಗ್ಲೈಡರು ತನ್ನ ಸುತ್ತಣ ಗಾಳಿಯಲ್ಲಿ ಸದಾ ಕೆಳಗಿಳಿಯುತ್ತಲೇ ಇರುತ್ತದೆ. ಆದರೆ ಬಹು ನಿಧಾನವಾಗಿ. ಕಲಿಯುವವರ ಸಾಧಾರಣ ಗ್ಲೈಡರು ನಿಶ್ಚಲವಾದ ಗಾಳಿಯಲ್ಲಿ 1 ಕಿಲೋಮೀಟರ್ ಎತ್ತರದಿಂದ ಹೊರಟರೆ ಸುಮಾರು 25 ರಿಂದ 30 ಕಿಲೋಮೀಟರ್ ಸಾಗಬಲ್ಲದು. ಅದು ಸೆಕೆಂಡಿಗೆ 1 ಮೀಟರಿನಂತೆ ಇಳಿಯುವಾಗ ಸುತ್ತಣ ಗಾಳಿಯು 3 ಮೀಟರಿನಂತೆ ಏರುತ್ತಿದ್ದರೆ, ಗ್ಲೈಡರು 2 ಮೀಟರಿನಂತೆ ಮೇಲೇರುವುದು. ಈ ಲೆಕ್ಕವನ್ನು ಐದನೆಯ ಇಯತ್ತೆಯ ಬಾಲಕರೂ ಮಾಡಬಲ್ಲರು. ಕಷ್ಟವೇನೆಂದರೆ, ಗಾಳಿಯು ಕಣ್ಣಿಗೆ ಕಾಣುವುದಿಲ್ಲ.

ಈ ವಿದ್ಯೆಯು ವಿಶೇಷವಾಗಿ ಬೆಳೆದುದು ಜರ್ಮನಿಯ ವಾಸರ್‌ಕುಪ್ಪೆ ಎಂಬ 950 ಮೀಟರ್ ಎತ್ತರದ ಬೋಳು ಬೆಟ್ಟದ ಮೇಲೆ. ಮೊದಲನೆಯ ಮಹಾಯುದ್ಧದಲ್ಲಿ ಸೋತ ಆ ದೇಶದಲ್ಲಿ ಎಂಜಿನ್ ವಿಮಾನಗಳಿಗೆ ಕಟ್ಟುನಿಟ್ಟಾದ ನಿರ್ಬಂಧಗಳಿದ್ದವು. ಆದಕಾರಣ 1920 ರಿಂದ ಬೇಸಗೆ ಬೇಸಗೆಗೂ ತರುಣರ ಸಂಘಗಳು ತಮ್ಮ ಗ್ಲೈಡರುಗಳನ್ನು ಸಾಗಿಸಿಕೊಂಡು ಆ ಬೆಟ್ಟಕ್ಕೆ ಬರತೊಡಗಿದವು. ಬೀಸುವ ಗಾಳಿಯು ಬೆಟ್ಟದ ಇಳಿಜಾರಿಗೆ ತಾಗಿ ಮೇಲಕ್ಕೆ ತಿರುಗುತ್ತದೆ. ಆ ಬಲದಿಂದಲೇ 1922ರ ಆಗಸ್ಟಿನಲ್ಲಿ ಆರ್ಥರ್ ಮಾರ್ಟೆನ್ಸ್ ಎಂಬವರು ಒಂದು ತಾಸಿಗೂ ಹೆಚ್ಚು ಹೊತ್ತು ಆಕಾಶದಲ್ಲಿದ್ದರು.

ಆದರೆ ಎತ್ತುವ ಗಾಳಿಯೇ ಕೆಡಹುವುದೂ ಉಂಟು. ಅರಳೆಯ ರಾಶಿಯಂತಹ ಸಣ್ಣ ಬಿಳಿಮೋಡವು ಏರುಗಾಳಿಯ ಗುರುತು. ಅದೇ ಬೆಳೆಬೆಳೆದು ಗುಡುಗುಮೋಡವಾದರೆ ಒಳಗೆ ಆಲಿಕಲ್ಲು, ಮಿಂಚು, ಭಯಂಕರವಾದ ಏರಿಳಿತ. ದಿಗಂತವು ಕಾಣದೆ ಹಾರುವವನಿಗೆ ಮೇಲು ಕೆಳಗಿನ ಅರಿವೇ ತಪ್ಪುತ್ತದೆ. ಮಳೆಗೆ ಮುಂಚಿತವಾಗಿ ನುಗ್ಗುವ ತಂಗಾಳಿಯು ನೆಲದ ಮೇಲೆ ಗಾಳಿಯ ದಿಕ್ಕನ್ನೇ ಬದಲಿಸಬಲ್ಲದು; ಇಳಿಯುತ್ತಿರುವ ಗ್ಲೈಡರಿಗೆ ಇದು ಪ್ರಾಣಾಂತಿಕ. 1926ರ ಆಗಸ್ಟ್ 12 ರಂದು ವಾಸರ್‌ಕುಪ್ಪೆಯಿಂದ ಹಾರಿದ ಮ್ಯಾಕ್ಸ್ ಕೆಗೆಲ್ ಎಂಬವರು ಇಂತಹ ಮೋಡದೊಳಕ್ಕೆ ಸೆಳೆಯಲ್ಪಟ್ಟು, ಸುಮಾರು 55 ಕಿಲೋಮೀಟರ್ ದೂರದಲ್ಲಿ ಜೀವಸಹಿತ ಇಳಿದರು. ಅದು ಆಗ ದಾಖಲೆಯಾಯಿತು. ಎಲ್ಲರಿಗೂ ಅಂತಹ ಅದೃಷ್ಟವಿರುವುದಿಲ್ಲ. ಅದಕ್ಕೂ ಮುಂಚೆ, ಸುಮಾರು 2000 ಸಲ ಹಾರಿದ್ದ ಆಟೋ ಲಿಲಿಯೆಂತಾಲ್ ಎಂಬ ಮಹನೀಯರು 1896ರ ಆಗಸ್ಟ್ 9 ರಂದು ಸುಮಾರು 15 ಮೀಟರ್ ಎತ್ತರದಿಂದ ಬಿದ್ದು ಮರುದಿನ ತೀರಿಕೊಂಡರು.

ಆದುದರಿಂದ ಸಂಘದವರು ಹಾರುವ ಮುನ್ನ ಒಟ್ಟುಗೂಡಿ ಹವೆಯ ಮುನ್ಸೂಚನೆಯನ್ನು ಓದುತ್ತಾರೆ. ಗಾಳಿಯ ವೇಗವನ್ನೂ ಮೋಡದ ಎತ್ತರವನ್ನೂ ನೋಡುತ್ತಾರೆ. ಎಲ್ಲಿದ್ದರೂ ಇಳಿಯಲು ಒಂದು ಬಯಲು ಕೈಗೆಟುಕುವಂತಿರಬೇಕೆಂದು ನಿಯಮ ಮಾಡಿಕೊಳ್ಳುತ್ತಾರೆ. ಇಂದು ಉಪಗ್ರಹವೂ ರೇಡಾರೂ ನೆರವಿಗಿವೆ. ಆದರೂ ಹವೆಯು ಸಂದೇಹಕರವಾದಾಗ ಹೆಚ್ಚಿನ ಅಪಾಯವು ಮೋಡದಲ್ಲಿಲ್ಲ, “ಇಷ್ಟು ದೂರ ಬಂದೆವಲ್ಲ!” ಎಂಬ ನಮ್ಮ ಮನಸ್ಸಿನಲ್ಲಿದೆ. ರಜೆ ಹಾಕಿ, ಹಣ ವೆಚ್ಚಮಾಡಿ, ದೂರದ ಬೆಟ್ಟಕ್ಕೆ ಬಂದವರಿಗೆ ಗ್ಲೈಡರನ್ನು ಹಗ್ಗದಿಂದ ನೆಲಕ್ಕೆ ಬಿಗಿದು ಸುಮ್ಮನೆ ಕುಳಿತಿರುವುದು ಹಾರುವುದಕ್ಕಿಂತ ಕಠಿಣ.

ನಾವು ಗ್ಲೈಡರನ್ನು ಏರಿದವರಲ್ಲ. ಆದರೆ ಒಂದು ಮಳೆಗಾಲ ಶಾಲೆಯ ಪ್ರವಾಸದಲ್ಲಿ, ಕೆಂಪುನೀರು ಏರುತ್ತಿದ್ದ ಹಳ್ಳದ ದಡದಿಂದ ಮಕ್ಕಳನ್ನು ಹಿಂದಕ್ಕೆ ಕರೆತಂದೆವು. ಆಚೆಯ ದಡವು ಇಪ್ಪತ್ತೇ ಹೆಜ್ಜೆ. ನೋಡಬೇಕಾಗಿದ್ದ ಗುಡಿಯ ಶಿಖರವೂ ಕಾಣುತ್ತಿತ್ತು. ಮಕ್ಕಳು ದಾರಿಯುದ್ದಕ್ಕೂ ನಮ್ಮೊಡನೆ ಮಾತನಾಡಲಿಲ್ಲ. ಸಂಜೆ ಊರ ಅಗಸೆಯಲ್ಲಿ ಕಾದು ನಿಂತಿದ್ದ ಪಾಲಕರು ಒಬ್ಬೊಬ್ಬರನ್ನೇ ಎಣಿಸಿಕೊಂಡರು. ಲೆಕ್ಕ ಸರಿಯಾಗಿತ್ತು.