ಮೊಡವೆಗೆ ಮುಲಾಮು: ಹಚ್ಚುವ ಮೊದಲು ಟ್ಯೂಬಿನ ಹಿಂಬದಿ ಓದಿ

ಮೈಸೂರು ವಿದ್ಯಾರ್ಥಿಗಳ ಊರು. ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು ಜಿಲ್ಲೆಗಳಿಂದ ಬಂದ ಹುಡುಗ ಹುಡುಗಿಯರು ಸರಸ್ವತಿಪುರಂ, ಕುವೆಂಪುನಗರ, ಜಯಲಕ್ಷ್ಮೀಪುರಂಗಳ ಹಾಸ್ಟೆಲು, ಬಾಡಿಗೆ ಕೋಣೆಗಳಲ್ಲಿ ಉಳಿದು ಓದುತ್ತಾರೆ. ಮನೆಯಿಂದ ದೂರವಿರುವ ಇವರಿಗೆ ನೆಗಡಿ, ಜ್ವರ ಬಂದರೆ ಮೊದಲು ನೆನಪಾಗುವುದು ಬೀದಿ ತುದಿಯ ಔಷಧಿ ಅಂಗಡಿ. ಮೊಡವೆಗೂ ಅಷ್ಟೇ. ‘ಮುಖಕ್ಕೆ ಏನಾದರೂ ಕೊಡಿ’ ಎಂದು ಕೇಳಿದರೆ ಒಂದು ಟ್ಯೂಬು ಕೈಗೆ ಬರುತ್ತದೆ. ಕೆಲವೊಮ್ಮೆ ಕೇಳುವ ಪ್ರಮೇಯವೂ ಇಲ್ಲ, ರೂಮಿನ ಗೆಳತಿ ಹಚ್ಚಿಕೊಳ್ಳುತ್ತಿರುವುದನ್ನೇ ತಾನೂ ಹಚ್ಚಿಕೊಂಡರಾಯಿತು.

ಆ ಟ್ಯೂಬಿನೊಳಗೆ ಇರುವುದೇನು? ಹಚ್ಚಿಕೊಳ್ಳುವವರಲ್ಲಿ ಬಹುಪಾಲು ಮಂದಿಗೆ ಗೊತ್ತಿರುವುದಿಲ್ಲ. ಮೊಡವೆಯನ್ನು ನಿಜವಾಗಿ ಗುಣಪಡಿಸುವ ಔಷಧಿ ನಿಧಾನವಾಗಿ ಕೆಲಸ ಮಾಡುತ್ತದೆ. ಮೂರೇ ದಿನದಲ್ಲಿ ಮುಖ ತಿಳಿಯಾಗುವಂತೆ ಮಾಡುವ ಮುಲಾಮು ಅನೇಕ ವೇಳೆ ಮೊಡವೆಯ ಔಷಧಿಯೇ ಆಗಿರುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಮುಖ ಕೆಡಿಸಿಕೊಂಡವರು ಕಡಿಮೆಯಿಲ್ಲ.

ಮೊಡವೆ ಹುಟ್ಟುವುದು ಹೇಗೆ?

ನಮ್ಮ ಚರ್ಮದ ಪ್ರತಿಯೊಂದು ರೋಮದ ಬುಡದಲ್ಲೂ ಎಣ್ಣೆಯಂಥ ದ್ರವ ಸ್ರವಿಸುವ ಪುಟ್ಟ ಗ್ರಂಥಿಯಿದೆ. ಪ್ರಾಯಕ್ಕೆ ಬರುವಾಗ ದೇಹದಲ್ಲಿ ಹೆಚ್ಚುವ ಆಂಡ್ರೊಜೆನ್ ಹಾರ್ಮೋನುಗಳು ಈ ಗ್ರಂಥಿಯನ್ನು ಪ್ರಚೋದಿಸುತ್ತವೆ, ಎಣ್ಣೆ ಜಾಸ್ತಿಯಾಗುತ್ತದೆ. ಅದೇ ಹೊತ್ತಿಗೆ ರಂಧ್ರದ ಒಳಪದರದಿಂದ ಉದುರಿದ ಸತ್ತ ಜೀವಕೋಶಗಳು ಎಣ್ಣೆಯೊಂದಿಗೆ ಬೆರೆತು ಬಿರಡೆಯಂತೆ ಬಾಯಿ ಮುಚ್ಚುತ್ತವೆ. ಒಳಗೆ ಸಿಕ್ಕಿಕೊಂಡ ಎಣ್ಣೆಯಲ್ಲಿ, ಸಾಮಾನ್ಯವಾಗಿ ಎಲ್ಲರ ಚರ್ಮದಲ್ಲೂ ಇರುವ ಒಂದು ಬ್ಯಾಕ್ಟೀರಿಯಾ ವಂಶ ಬೆಳೆಸುತ್ತದೆ. ಆಮೇಲೆ ಊತ, ಕೆಂಪು, ಕೀವು.

ಕೊಳೆಯಿಂದ ಮೊಡವೆ ಬರುತ್ತದೆ ಎಂಬುದು ತಪ್ಪು ಕಲ್ಪನೆ. ಬಿರಡೆ ಕೂರುವುದು ರಂಧ್ರದ ಒಳಗೆ. ದಿನಕ್ಕೆ ಹತ್ತು ಸಲ ಸೋಪು ಹಾಕಿ ಉಜ್ಜಿದರೆ ಚರ್ಮ ಒಣಗಿ ಉರಿಯುತ್ತದೆಯೇ ಹೊರತು ಬಿರಡೆ ಕರಗುವುದಿಲ್ಲ. ಸೌಮ್ಯವಾದ ಸೋಪಿನಿಂದ ದಿನಕ್ಕೆ ಎರಡು ಸಲ ಮುಖ ತೊಳೆದರೆ ಧಾರಾಳವಾಯಿತು. 12ರಿಂದ 24 ವರ್ಷದೊಳಗಿನವರಲ್ಲಿ ಸುಮಾರು ಶೇಕಡಾ 85ರಷ್ಟು ಮಂದಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಮೊಡವೆ ಬರುತ್ತದೆಂಬ ಅಂದಾಜಿದೆ. ಹಾಗಾಗಿ ಇದು ಯಾರ ತಪ್ಪೂ ಅಲ್ಲ, ನಾಚಿಕೆಯ ವಿಷಯವೂ ಅಲ್ಲ.

ಮೂರು ದಿನದ ಚಮತ್ಕಾರ

ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್, ಫ್ಲುಯೊಸಿನೊಲೋನ್. ಇವೆಲ್ಲ ಸ್ಟಿರಾಯ್ಡ್ ಔಷಧಿಗಳು. ಇಸಬು, ಸೋರಿಯಾಸಿಸ್‌ನಂಥ ರೋಗಗಳಿಗೆ ವೈದ್ಯರು ಅಳತೆಯಿಟ್ಟು ಬರೆಯುವ ಉತ್ತಮ ಔಷಧಿಗಳೇ ಹೌದು. ಆದರೆ ಮೊಡವೆಗೆ ಇವು ಮದ್ದಲ್ಲ.

ಸ್ಟಿರಾಯ್ಡ್ ಮುಲಾಮು ಹಚ್ಚಿದೊಡನೆ ಚರ್ಮದ ಸೂಕ್ಷ್ಮ ರಕ್ತನಾಳಗಳು ಕಿರಿದಾಗುತ್ತವೆ, ಊತ ಇಳಿಯುತ್ತದೆ, ಬಣ್ಣವೂ ತುಸು ತಿಳಿಯಾದಂತೆ ಕಾಣುತ್ತದೆ. ‘ಎಂಥಾ ಒಳ್ಳೆ ಕ್ರೀಮು!’ ಎಂದು ಹಾಸ್ಟೆಲಿನ ತುಂಬ ಸುದ್ದಿಯಾಗುತ್ತದೆ. ವಾರಗಳು ಕಳೆದಂತೆ ಚರ್ಮ ತೆಳುವಾಗುತ್ತದೆ, ಕೆಂಪು ನರಗಳು ಮೇಲೆದ್ದು ಕಾಣುತ್ತವೆ, ಬೇಡದ ಕಡೆ ಕೂದಲು ಬೆಳೆಯುತ್ತದೆ, ಒಂದೇ ಆಕಾರದ ಗುಳ್ಳೆಗಳು ಹಿಂಡುಹಿಂಡಾಗಿ ಏಳುತ್ತವೆ. ಹೆದರಿ ನಿಲ್ಲಿಸಿದರೆ ಮುಖ ಕೆಂಡದಂತೆ ಉರಿಯುತ್ತದೆ. ಉರಿ ತಾಳಲಾರದೆ ಮತ್ತೆ ಅದೇ ಟ್ಯೂಬು. ಹೀಗೆ ಚರ್ಮವೇ ಮುಲಾಮಿನ ದಾಸನಾಗುತ್ತದೆ. ಈ ಸ್ಥಿತಿ ನಮ್ಮ ದೇಶದಲ್ಲಿ ಎಷ್ಟು ಸಾಮಾನ್ಯವೆಂದರೆ, ‘ಸ್ಟಿರಾಯ್ಡ್‌ನಿಂದ ಹಾಳಾದ ಮುಖ’ ಎಂಬ ಅರ್ಥದ ಪ್ರತ್ಯೇಕ ಹೆಸರನ್ನೇ ಭಾರತದ ಚರ್ಮ ವೈದ್ಯರು ಅದಕ್ಕೆ ಇಟ್ಟಿದ್ದಾರೆ.

ಭಾರತೀಯ ಚರ್ಮ ವೈದ್ಯರ ಸಂಘದ ನಿಯತಕಾಲಿಕೆಯಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಣ್ಣು ತೆರೆಸುವಂತಿದೆ. ದೇಶದ 12 ಚಿಕಿತ್ಸಾ ಕೇಂದ್ರಗಳಲ್ಲಿ ಮುಖದ ಚರ್ಮದ ತೊಂದರೆಗೆಂದು ಬಂದ 2,926 ರೋಗಿಗಳನ್ನು ವಿಚಾರಿಸಿದಾಗ 433 ಮಂದಿ, ಎಂದರೆ ಶೇಕಡಾ 14.8ರಷ್ಟು ಜನ ಸ್ಟಿರಾಯ್ಡ್ ಹಚ್ಚುತ್ತಿದ್ದುದು ಕಂಡುಬಂತು. ಇವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಮಂದಿ ಹಚ್ಚುತ್ತಿದ್ದದ್ದು ಮೊಡವೆಗೆಂದೇ. ಅರ್ಧಕ್ಕೂ ಹೆಚ್ಚು ಜನಕ್ಕೆ ಸಲಹೆ ಕೊಟ್ಟವರು ವೈದ್ಯರೇ ಅಲ್ಲ. ಹತ್ತರಲ್ಲಿ ಒಂಬತ್ತು ಮಂದಿಗೆ ಅಡ್ಡ ಪರಿಣಾಮ ಆಗಿತ್ತು. ಅವುಗಳಲ್ಲೆಲ್ಲ ಸಾಮಾನ್ಯವಾದದ್ದು ಯಾವುದು? ಹೊಸದಾಗಿ ಮೊಡವೆ ಬರುವುದು ಅಥವಾ ಇದ್ದ ಮೊಡವೆ ಉಲ್ಬಣಿಸುವುದು!

ಚರ್ಮ ವೈದ್ಯರ ಸತತ ಒತ್ತಾಯದ ಬಳಿಕ, 2018ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಹಚ್ಚುವ ಸ್ಟಿರಾಯ್ಡ್‌ಗಳಲ್ಲಿ 14 ಬಗೆಯವನ್ನು ‘ಷೆಡ್ಯೂಲ್ ಎಚ್’ ಪಟ್ಟಿಗೆ ಸೇರಿಸಿತು. ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ. ಆದರೆ ಕಾನೂನು ಪ್ರತಿಯೊಂದು ಅಂಗಡಿಯ ಮುಂದೆ ಕಾವಲು ನಿಲ್ಲಲಾರದು. ಕೊಳ್ಳುವವರೇ ಎಚ್ಚರ ವಹಿಸಬೇಕು.

ಎಚ್ಚರ ಹೇಗೆ? ಟ್ಯೂಬಿನ ಮುಂಬದಿಯ ಚಂದದ ಹೆಸರನ್ನು ಬಿಟ್ಟು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಬೇಕು. ಔಷಧಿಯ ಹೆಸರು ‘ಸೋನ್’, ‘ಸೋಲ್’, ‘ಲೋನ್’ ಎಂದು ಮುಗಿದರೆ ಅದು ಸ್ಟಿರಾಯ್ಡ್ ಇರಬಹುದು, ಕೆಳಗಿಡಿ. (ಹುಳುಕಡ್ಡಿಗೆ ಹಚ್ಚುವ ಕ್ಲೋಟ್ರಿಮಜೋಲ್‌ನಂಥ ‘ಜೋಲ್’ಗಳು ಬೇರೆ. ಅವು ಸ್ಟಿರಾಯ್ಡ್ ಅಲ್ಲ, ಮೊಡವೆಯ ಮದ್ದೂ ಅಲ್ಲ.) ‘ಆರ್‌ಎಕ್ಸ್’ ಗುರುತಿದ್ದರೆ ಚೀಟಿಯಿಲ್ಲದೆ ಕೊಳ್ಳಬಾರದ ಔಷಧಿಯೆಂದು ತಿಳಿಯಿರಿ. ಹೆಸರೇ ಇಲ್ಲದ ಡಬ್ಬಿಯ ‘ಬೆಳ್ಳಗಾಗುವ’ ಕ್ರೀಮನ್ನಂತೂ ಮುಟ್ಟಲೇಬೇಡಿ. ಈಗಾಗಲೇ ತಿಂಗಳುಗಟ್ಟಲೆ ಸ್ಟಿರಾಯ್ಡ್ ಹಚ್ಚುತ್ತಿರುವವರು ತಾವಾಗಿ ಪ್ರಯೋಗ ಮಾಡದೆ ಟ್ಯೂಬನ್ನು ಜೊತೆಗೆ ಕೊಂಡೊಯ್ದು ಚರ್ಮ ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಹಾಗಾದರೆ ಹಚ್ಚಬಹುದಾದದ್ದು ಯಾವುದು?

ಸಾಧಾರಣ ಮೊಡವೆಗೆ ಪ್ರಪಂಚದಾದ್ಯಂತ ಬಳಕೆಯಲ್ಲಿರುವ ವಸ್ತುಗಳು ಬೆರಳೆಣಿಕೆಯಷ್ಟು. ಮೊದಲನೆಯದು ಬೆಂಜಾಯ್ಲ್ ಪೆರಾಕ್ಸೈಡ್. ಇದು ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಆ್ಯಂಟಿಬಯಾಟಿಕ್‌ಗಳ ಹಾಗೆ ಇದಕ್ಕೆ ಬ್ಯಾಕ್ಟೀರಿಯಾ ಒಗ್ಗಿಕೊಳ್ಳುವುದಿಲ್ಲ. ಶೇಕಡಾ 2.5, 5, 10ರ ಪ್ರಮಾಣಗಳಲ್ಲಿ ದೊರೆಯುತ್ತದೆ. ಜಾಸ್ತಿ ಇದ್ದರೆ ಜಾಸ್ತಿ ಗುಣ ಎಂದೇನಿಲ್ಲ. 2.5ರದ್ದೂ ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡುತ್ತದೆ, ಉರಿ ಮಾತ್ರ ಕಡಿಮೆ. ದಿಂಬಿನ ಚೀಲ, ಟವೆಲು, ಸಮವಸ್ತ್ರದ ಕಾಲರಿಗೆ ತಾಗಿದರೆ ಬಣ್ಣ ಹೋಗುತ್ತದೆ ಎಂಬುದು ನೆನಪಿರಲಿ. ಬಿಸಿಲು ಬೀಳುವ ಕಿಟಕಿಯಲ್ಲಿ, ಸ್ಕೂಟರಿನ ಡಿಕ್ಕಿಯಲ್ಲಿ ಇಡದೆ ತಂಪಾದ ಕಡೆ ಇಡಬೇಕು.

ಎರಡನೆಯದು ಸ್ಯಾಲಿಸಿಲಿಕ್ ಆಮ್ಲ, ಸಾಮಾನ್ಯವಾಗಿ ಶೇಕಡಾ 0.5ರಿಂದ 2ರವರೆಗೆ. ರಂಧ್ರದ ಬಿರಡೆಯನ್ನು ಸಡಿಲಿಸುವುದು ಇದರ ಕೆಲಸ. ಕಪ್ಪು ಚುಕ್ಕೆ, ಬಿಳಿ ಗುಳ್ಳೆಗಳಿಗೆ ಸೂಕ್ತ. ಆಸ್ಪಿರಿನ್ ಒಗ್ಗದವರು ಇದನ್ನು ಬಳಸಬಾರದು. ಮೂರನೆಯದು ಅಡಾಪಲೀನ್. ಇದೂ ಬಿರಡೆ ಕಟ್ಟದಂತೆ ತಡೆಯುತ್ತದೆ. ಶೇಕಡಾ 0.1ರ ಜೆಲ್ಲನ್ನು ಅಮೆರಿಕದಲ್ಲಿ 2016ರಿಂದ ಚೀಟಿಯಿಲ್ಲದೆ ಮಾರಲು ಅನುಮತಿಯಿದೆ. ಆದರೂ ಶುರುಮಾಡುವ ಮೊದಲು ವೈದ್ಯರನ್ನು ಒಮ್ಮೆ ಕೇಳುವುದು ಕ್ಷೇಮ. ಗರ್ಭಿಣಿಯರಂತೂ ಇದನ್ನು ಬಳಸಬಾರದು.

ಹಚ್ಚುವುದಕ್ಕೂ ಕ್ರಮವಿದೆ. ಒಂದು ಸಲಕ್ಕೆ ಒಂದೇ ಔಷಧಿ. ಮುಖ ತೊಳೆದು, ಒರೆಸಿ, ಒಣಗಿದ ಮೇಲೆ ಬಟಾಣಿ ಕಾಳಿನಷ್ಟು ತೆಗೆದುಕೊಂಡು, ಎದ್ದಿರುವ ಗುಳ್ಳೆಗೆ ಮಾತ್ರವಲ್ಲದೆ ಮೊಡವೆ ಬರುವ ಭಾಗಕ್ಕೆಲ್ಲ ತೆಳುವಾಗಿ ಸವರಬೇಕು. ಮೊದಲೆರಡು ವಾರ ದಿನ ಬಿಟ್ಟು ದಿನ ಸಾಕು. ತುಸು ಒಣಗುವುದು, ಸಿಪ್ಪೆ ಏಳುವುದು ಸಹಜ. ಕಣ್ಣು, ಮುಖ ಊದಿಕೊಂಡರೆ ಕೂಡಲೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಹಗಲು ಹೊರಗೆ ಓಡಾಡುವವರು ಬಿಸಿಲಿನಿಂದ ಮುಖವನ್ನು ಕಾಪಾಡಿಕೊಂಡರೆ ಕಲೆ ಕಪ್ಪಾಗುವುದು ತಪ್ಪುತ್ತದೆ.

ಎಷ್ಟು ದಿನ? 6ರಿಂದ 8 ವಾರಗಳಲ್ಲಿ ಗುಣ ಕಾಣತೊಡಗುತ್ತದೆ. ತೀರ್ಮಾನಕ್ಕೆ ಬರಲು 12 ವಾರ ಬೇಕು. ಎಂದರೆ ಬಹುಮಟ್ಟಿಗೆ ಒಂದು ಸೆಮಿಸ್ಟರ್! ವಾರಕ್ಕೊಂದು ಕ್ರೀಮು ಬದಲಿಸುವವರಿಗೆ ಯಾವುದೂ ಹಿಡಿಯದಿರಲು ಇದೇ ಕಾರಣ.

ಅಡುಗೆಮನೆಯ ಮದ್ದು

ಗಂಧದೆಣ್ಣೆಗೆ ಹೆಸರಾದ ಮೈಸೂರಿನಲ್ಲಿ ಮೊಡವೆಗೆ ಸಾಣೆಕಲ್ಲಿನ ಮೇಲೆ ಗಂಧ ತೇಯುವುದು ಅಜ್ಜಿಯರ ಕಾಲದ ರೂಢಿ. ಗಂಧ, ಅರಿಶಿನ ಹಚ್ಚಿದರೆ ತಂಪೆನಿಸಬಹುದು, ಬಹಳ ಮಂದಿಗೆ ತೊಂದರೆಯೂ ಇಲ್ಲ. ಆದರೆ ಒಳಗಿನ ಬಿರಡೆ ಅದರಿಂದ ತೆರೆಯುತ್ತದೆಂದು ನಂಬಿ ತಿಂಗಳುಗಟ್ಟಲೆ ಕಾಯುವುದು ಸರಿಯಲ್ಲ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಮಚ್ಚೆ ಬೀಳುತ್ತದೆ. ಟೂತ್‌ಪೇಸ್ಟು ಹಲ್ಲಿಗೆ, ಮುಖಕ್ಕಲ್ಲ. ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿದರೆ ಅಲ್ಲೂ ಗುಳ್ಳೆ ಏಳುತ್ತವೆ. ಆಹಾರದ ವಿಷಯದಲ್ಲಿ, ಸಕ್ಕರೆ ಹೆಚ್ಚಿರುವ ತಿಂಡಿ, ತಂಪು ಪಾನೀಯಗಳು ಕೆಲವರಲ್ಲಿ ಮೊಡವೆ ಹೆಚ್ಚಿಸಬಹುದು ಎನ್ನಲು ಆಧಾರವಿದೆ. ಹಾಗೆಂದು ಒಂದು ತುಂಡು ಮೈಸೂರು ಪಾಕಿಗೆ ಎಲ್ಲ ದೋಷ ಹೊರಿಸಬೇಕಿಲ್ಲ. ಎಲ್ಲಕ್ಕಿಂತ ಕೆಟ್ಟ ಅಭ್ಯಾಸವೆಂದರೆ ಕನ್ನಡಿ ಮುಂದೆ ನಿಂತು ಹಿಸುಕುವುದು. ಕುಳಿ, ಕಲೆಗಳಿಗೆ ಅದು ದಾರಿ.

ವೈದ್ಯರ ಬಳಿ ಯಾವಾಗ?

ಗಟ್ಟಿಯಾದ, ನೋಯುವ ಗಂಟುಗಳೆದ್ದರೆ, ಕುಳಿ ಬೀಳುತ್ತಿದ್ದರೆ ಒಂದು ದಿನವೂ ಕಾಯಬಾರದು. ಬಿದ್ದ ಕುಳಿಯನ್ನು ತುಂಬುವುದು ಮೊಡವೆ ಗುಣಪಡಿಸುವುದಕ್ಕಿಂತ ಎಷ್ಟೋ ಕಷ್ಟ. 12 ವಾರ ಸರಿಯಾಗಿ ಹಚ್ಚಿದರೂ ಫಲ ಕಾಣದಿದ್ದರೂ ಹೋಗಬೇಕು. ಹುಡುಗಿಯರಲ್ಲಿ ಮೊಡವೆಯ ಜೊತೆಗೆ ಮುಟ್ಟು ಏರುಪೇರಾಗಿ, ಗಲ್ಲದ ಮೇಲೆ ಕೂದಲು ಬೆಳೆಯುತ್ತಿದ್ದರೆ ಹಾರ್ಮೋನಿನ ತೊಂದರೆ ಇರಬಹುದು. ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಕೆ.ಆರ್. ಆಸ್ಪತ್ರೆಯಲ್ಲೂ ಜೆಎಸ್‌ಎಸ್ ಆಸ್ಪತ್ರೆಯಲ್ಲೂ ಚರ್ಮ ವಿಭಾಗಗಳಿವೆ. ತೀವ್ರ ಮೊಡವೆಗೂ ಈಗ ಒಳ್ಳೆಯ ಗುಳಿಗೆಗಳಿವೆ. ಆದರೆ ಅವು ವೈದ್ಯರ ಕಣ್ಣಳತೆಯಲ್ಲೇ ನುಂಗಬೇಕಾದವು. ಅವುಗಳಲ್ಲಿ ಐಸೊಟ್ರೆಟಿನಾಯಿನ್ ಗರ್ಭದ ಮಗುವಿಗೆ ಗಂಭೀರ ಅಂಗವೈಕಲ್ಯ ಉಂಟುಮಾಡಬಲ್ಲದು.

ಕಡೆಯದಾಗಿ ತಂದೆತಾಯಂದಿರಿಗೆ ಒಂದು ಮಾತು. ‘ವಯಸ್ಸಿನ ಮೊಡವೆ, ತಾನಾಗಿ ಹೋಗುತ್ತೆ ಬಿಡು’ ಎಂದು ಹೇಳುವುದು ಸುಲಭ. ಕಾಲೇಜಿಗೆ ಹೋಗಲು ಹಿಂಜರಿಯುವ, ಫೋಟೋಕ್ಕೆ ಮುಖ ತಿರುಗಿಸುವ ಮಗಳಿಗೆ, ಮಗನಿಗೆ ಅದು ಸಮಾಧಾನ ತರುವುದಿಲ್ಲ. ಮನೆಯಲ್ಲಿ ಹಗುರವಾಗಿ ತಳ್ಳಿಹಾಕಿದ ಮಾತೇ ಮಕ್ಕಳನ್ನು ಗುಟ್ಟಾಗಿ ಯಾವುದೋ ಟ್ಯೂಬಿನ ಕಡೆಗೆ ಕಳಿಸುತ್ತದೆ. ಹಾಸ್ಟೆಲಿನಿಂದ ಊರಿಗೆ ಬಂದಾಗ ‘ಮುಖಕ್ಕೆ ಏನು ಹಚ್ತಿದ್ದೀಯಾ, ತೋರಿಸು’ ಎಂದು ಪ್ರೀತಿಯಿಂದ ಕೇಳಿ, ಇಬ್ಬರೂ ಕೂತು ಅದರ ಹಿಂಬದಿ ಓದಿ. ಅನುಮಾನ ಬಂದರೆ ಆ ಟ್ಯೂಬನ್ನೇ ಹಿಡಿದು ವೈದ್ಯರ ಬಳಿ ಕರೆದುಕೊಂಡು ಹೋಗಿ.